ಕ್ಯಾಮ್‌ಶಾಫ್ಟಿಗೆ ಹಚ್ಚಿದ ವಿಭೂತಿ

ನನ್ನನ್ನು ನೋಡಲು ಧಾರವಾಡಕ್ಕೆ ಬಂದಾಗ ನನ್ನ ಗಂಡ ತಟ್ಟೆಯಲ್ಲಿದ್ದ ಅವಲಕ್ಕಿ ಮುಗಿಯುವಷ್ಟರಲ್ಲಿ ಹೂಂ ಅಂದಿದ್ದರು. ಅದೇ ಮನುಷ್ಯ ಲೀಡ್ಸ್‌ನ ನಮ್ಮ ಮನೆಯಲ್ಲಿ ಕೂತು ಒಂದು ಕಬ್ಬಿಣದ ಕೋಲನ್ನು ಆರಿಸಲು ಎರಡು ವರ್ಷ ತೆಗೆದುಕೊಂಡರು. ಊಟದ ಮೇಜಿನ ಮೇಲೆ ಕ್ಯಾಟಲಾಗು, ದಿಂಬಿನ ಪಕ್ಕ ಕ್ಯಾಟಲಾಗು, ಒಮ್ಮೆ ದೇವರ ಕೋಣೆಯ ಮಣೆಯ ಮೇಲೂ ಸಿಕ್ಕಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

"ರೀ, ನನ್ನ ಆರಿಸೂ ಮುಂದ ಇಷ್ಟು ವಿಚಾರ ಮಾಡಿದ್ರೇನು?" ಅಂದೆ.

"ನಿಮ್ಮಪ್ಪ ಕ್ಯಾಟಲಾಗ್ ಕೊಟ್ಟಿರಲಿಲ್ಲಲ್ಲ," ಅಂದರು, ತಲೆ ಎತ್ತದೆ.

ಆ ಕೋಲಿನ ಹೆಸರು ಕ್ಯಾಮ್‌ಶಾಫ್ಟ್. ಹೆಡಿಂಗ್ಲೀ ಬಡಾವಣೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಗ್ಯಾರೇಜು ಇದೆ. ಅದರಲ್ಲಿ ಒಂದು ಹಳೆಯ ಅಮೆರಿಕನ್ ಕಾರು, ಎಂಟು ಸಿಲಿಂಡರಿನದು, ಮೂತಿಯೇ ಅರ್ಧ ಗ್ಯಾರೇಜು ತುಂಬುವಷ್ಟು ಉದ್ದ. ಕೊಂಡು ತಂದ ದಿನದಿಂದ ಅದು ಎಂಜಿನ್ ಬಿಚ್ಚಿಸಿಕೊಂಡು ಬಾಯಿ ತೆರೆದುಕೊಂಡೇ ನಿಂತಿತ್ತು. ನನ್ನ ಗಂಡನಿಗೆ ಈ ಹುಚ್ಚು ಹಿಡಿದದ್ದು ಈ ದೇಶಕ್ಕೆ ಬಂದ ಹೊಸದರಲ್ಲಿ, ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ. ಅಲ್ಲಿನ ಒಬ್ಬ ದೊಡ್ಡ ಡಾಕ್ಟರು ಇಂಥದೇ ಕಾರಿನಲ್ಲಿ ಬರುತ್ತಿದ್ದರಂತೆ. ಕಾರು ಕಾಣುವ ಮೊದಲು ಸಪ್ಪಳ ಬರುತ್ತಿತ್ತಂತೆ, ನಿಂತಲ್ಲೇ ಗುಡುಗುಡು, ಈಗ ಬಂದ್ ಆಯಿತೇನೋ ಅನ್ನುವಷ್ಟರಲ್ಲಿ ಮತ್ತೆ ಗುಡುಗುಡು. ಕ್ವಾರ್ಟರ್ಸಿನ ಕಿಟಕಿಯಲ್ಲಿ ಚಹಾ ಹಿಡಿದು ನಿಂತು ಇವರು ಅದನ್ನು ಕೇಳುತ್ತಿದ್ದರು. ಊರು ಬಿಟ್ಟು ಬಂದ ಆ ಮೊದಲ ಚಳಿಗಾಲದಲ್ಲಿ ಮನಸ್ಸಿಗೆ ಖುಷಿ ಕೊಟ್ಟದ್ದು ಅದೊಂದೇ ಸಪ್ಪಳ ಎಂದು ನನಗೆ ಎಷ್ಟು ಸಲ ಹೇಳಿದ್ದರೋ.

ಅವರದು ಅರಿವಳಿಕೆ ಕೊಡುವ ಕೆಲಸ. ಜೀವಮಾನವಿಡೀ ಮೆಲ್ಲಗೆ ಮಾತಾಡಿ ಜನರನ್ನು ಮಲಗಿಸಿದವರು. ಮನೆಯಲ್ಲೂ ಹಾಗೇ, ದನಿ ಏರಿಸುವ ಗುತ್ತಿಗೆ ನನ್ನದು. ಅಂಥವರಿಗೆ ಓಣಿ ಎಬ್ಬಿಸುವ ಗಾಡಿ ಬೇಕಾಗಿತ್ತು.

ಕೇಳಿ ಕೇಳಿ ನನಗೂ ಅಷ್ಟಿಷ್ಟು ಗೊತ್ತಾಗಿತ್ತು. ಆ ಕೋಲಿನ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಕೋಲು ತಿರುಗಿದಂತೆ ಉಬ್ಬುಗಳು ಎಂಜಿನ್ನಿನ ಬಾಗಿಲುಗಳನ್ನು ತೆರೆದು ಮುಚ್ಚುತ್ತವೆ. ಉಬ್ಬು ದೊಡ್ಡದಾದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ; ಓಡುವಾಗ ಕಾರು ಹುಲಿ. ಆದರೆ ನಿಂತಾಗ ಎಡವುತ್ತದೆ, ನಡುಗುತ್ತದೆ, ಗುಡುಗುತ್ತದೆ. ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಚಳಿಯಲ್ಲಿ ಬೇಗ ಚಾಲೂ ಆಗುವುದಿಲ್ಲ. ಉಬ್ಬು ಸಣ್ಣದಾದರೆ ಕಾರು ಹೇಳಿದ ಮಾತು ಕೇಳುತ್ತದೆ, ಆದರೆ ಗುಡುಗುವುದಿಲ್ಲ. ಇಷ್ಟೇ ವಿಷಯ. ಇಷ್ಟಕ್ಕೆ ಎರಡು ವರ್ಷ!

"ಎಂಜಿನ್ ಇನ್ನಾ ಡಬ್ಬಿಯೊಳಗ ಐತಿ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಾಕತ್ತೀರಿ," ಅಂತ ನಾನು ಅಣಕಿಸುತ್ತಿದ್ದೆ.

ಆಮೇಲೆ ಅಣಕಿಸುವುದನ್ನು ಬಿಟ್ಟೆ. ಒಂದು ದಿನ ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಗಂಟಲಿಗೆ ನಳಿಗೆ ಇಳಿಸುವಾಗ ಅವರ ಎಡಗೈ ಮಾತು ಕೇಳಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಡಾಕ್ಟರು ಮುಂದೆ ಬಂದು ಇಳಿಸಿದರು, ರೋಗಿಗೆ ಏನೂ ಆಗಲಿಲ್ಲ. ಇವರು ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಅಡಿಗೆಮನೆಯಲ್ಲಿ ಕೂತರು. "ನನ್ನ ಹೆಸರು ಡ್ಯೂಟಿ ಪಟ್ಟಿಯಿಂದ ತಗಸಿ ಬಂದೆ," ಅಂದರು. ನಾನೂ ಡಾಕ್ಟರು, GP. ಕೈ ಹಿಡಿದು ನೋಡಿದೆ. ಹೆಬ್ಬೆರಳಿನ ಬುಡದ ಮಾಂಸ ಇಳಿದಿತ್ತು, ಚರ್ಮದ ಕೆಳಗೆ ಸಣ್ಣಗೆ ಮಿಡುಕುತ್ತಿತ್ತು. ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಆ ಹೆಸರು ಹೇಳಲಿಲ್ಲ. ತಿಂಗಳುಗಳ ಮೇಲೆ ನರರೋಗದ ತಜ್ಞರು ಹೇಳಿದರು: ಮೋಟಾರ್ ನ್ಯೂರಾನ್ ಕಾಯಿಲೆ. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು, ಕೊನೆಗೆ ಉಸಿರು. ಈ ರೋಗವನ್ನು ನಾನು ಬೇರೆಯವರಿಗೆ ಎಷ್ಟು ಸಮಾಧಾನದಿಂದ ವಿವರಿಸಿದ್ದೆ! ಅವತ್ತು ಕಾರ್ ಪಾರ್ಕಿನಲ್ಲಿ ಯಾರೋ ಅಡ್ಡ ಬಂದರೆಂದು ಬಾಯಿಗೆ ಬಂದಂತೆ ಬೈದೆ.

ಅತ್ತೆ ನಮ್ಮ ಜೊತೆಗೇ ಇರುತ್ತಾರೆ. ಮಾವ ಹೋದ ಮೇಲೆ ಕರೆತಂದದ್ದು. ಹಣೆಗೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗ, ಮೇಲೊಂದು ದಪ್ಪ ಕಾರ್ಡಿಗನ್. ಅವರಿಗೆ ನಾವು ರೋಗದ ಹೆಸರು ಹೇಳಲಿಲ್ಲ. ಕೈಯಲ್ಲಿ ಶಕ್ತಿ ಕಮ್ಮಿ ಆಗಿದೆ ಅಂದೆವು. ಅವರು ದಿನಾ ಲಿಂಗಪೂಜೆ ಮುಗಿಸಿ ಮಗನ ಎರಡೂ ಅಂಗೈಗೆ ವಿಭೂತಿ ಹಚ್ಚತೊಡಗಿದರು. ಇವರು ಸಣ್ಣ ಹುಡುಗನ ಹಾಗೆ ಕೈ ಚಾಚುತ್ತಿದ್ದರು.

ಆಗ ಕಾರಿನ ಕೆಲಸಕ್ಕೆ ಎಲ್ಲಿಲ್ಲದ ಅವಸರ ಬಂತು. ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು ಇದ್ದಾರೆ, ಇಲ್ಲಿಯವರೇ, ಹೆಂಡತಿ ತೀರಿಕೊಂಡು ಒಬ್ಬರೇ ಇರುವವರು. ಅತ್ತೆ ಅವರನ್ನು ಮಾಸ್ತರ ಅನ್ನುತ್ತಾರೆ, ಅವರೂ ಓಗೊಡುತ್ತಾರೆ. ಅವರಿಗೂ ಹಳೆಯ ಕಾರಿನ ಹುಚ್ಚು. ಇವರ ತಲೆ, ಮಾಸ್ತರರ ಕೈ ಸೇರಿ ಎಂಜಿನ್ ಒಂದೊಂದೇ ತುಂಡಾಗಿ ಕೂಡಿಕೊಂಡಿತು. ಕಾರು ಚಾಲೂ ಆಗುವುದು ಕೇಳಬೇಕು, ಅದಕ್ಕಿಂತ ಮೊದಲು ತಾನು ಬೀಳಬಾರದು: ಇವರಿಗೆ ಉಳಿದಿದ್ದ ಆಸೆ ಅದೊಂದೇ. ನನಗೂ ಅದೊಂದೇ. ಉಳಿದದ್ದು ಕ್ಯಾಮ್ ಆರಿಸುವುದು.

ಒಂದು ಸಂಜೆ ಅದೇ ಕ್ಯಾಟಲಾಗು ಮೇಜಿನ ಮೇಲಿತ್ತು. ಹಾಳೆ ತಿರುವಲು ಇವರಿಗೆ ಆಗುತ್ತಿರಲಿಲ್ಲ, ನಾನೇ ತಿರುವುತ್ತಿದ್ದೆ. ನನಗೆ ತಡೆಯಲಾಗಲಿಲ್ಲ.

"ಜೀವನಪೂರ್ತಿ ಎಲ್ಲಾದ್ರಾಗೂ ನಡುವಿಂದ ಆರಿಸಿದ್ರಿ. ಅಂಗಿ ಬೂದಿ ಬಣ್ಣದ್ದು, ಮನಿ ಸಾಲಿನ ನಡುವಿಂದು. ಈಗರ ಗುಡುಗೂದು ತರಸ್ರೀ! ಓಣಿ ಎದ್ದು ನಿಂದರ್ಲಿ!"

ಇವರು ನನ್ನನ್ನು ನೋಡಿ ನಕ್ಕರು. "ಆತು, ಆತು. ಸಿಟ್ಟಿಗೇಳಬ್ಯಾಡ."

ಮರುದಿನ ನಾನು ನನ್ನ ಕ್ಲಿನಿಕ್ಕಿನಿಂದ ಬರುವಷ್ಟರಲ್ಲಿ ಫೋನಿನಲ್ಲೇ ಹೇಳಿ ಆಗಿತ್ತು. "ತರಿಸೀನಿ," ಅಂದರು. ಯಾವುದು ಅಂತ ನಾನು ಕೇಳಲಿಲ್ಲ. ಕೇಳುವುದೇನಿತ್ತು?

ಕ್ಯಾಮ್ ಬಂದದ್ದು ನವರಾತ್ರಿಯಲ್ಲಿ. ಹೊಸ ಕ್ಯಾಮ್‌ಗೆ ಜೋಡಿಸುವ ಮೊದಲು ಕಪ್ಪನೆಯ ಒಂದು ಅಂಟು ಬಳಿಯಬೇಕು, ಗ್ರೀಸಿನಂಥದ್ದು. ಮೊದಲ ಸಲ ಎಂಜಿನ್ ತಿರುಗುವಾಗ ಆ ಅಂಟೇ ಉಬ್ಬುಗಳನ್ನು ಕಾಯುತ್ತದೆ. ಸ್ಪ್ಯಾನರು ಹಿಡಿಯಲು ಬಾರದ ಇವರ ಕೈಗೆ ಆ ಕೆಲಸ ಬಂತು, ಅದಕ್ಕೆ ಬೆರಳು ಬೇಕಾಗಿರಲಿಲ್ಲ, ಅಂಗೈ ಸಾಕಿತ್ತು. ನಾನು ಕೋಲನ್ನು ತಿರುಗಿಸುತ್ತಾ ಹೋದೆ, ಇವರು ಬಳಿಯುತ್ತಾ ಹೋದರು. ಮೊಣಕೈವರೆಗೆ ಕಪ್ಪು. ಆಮೇಲೆ ಬಿಸಿನೀರಿನಲ್ಲಿ ಅವರ ಕೈ ತೊಳೆಯುವಾಗ, "ಇದೊಂದು ನಾನ ಮಾಡಿದೆ," ಅಂದರು. ಕೋಲನ್ನು ಬಟ್ಟೆಯ ಮೇಲೆ ಮಲಗಿಸಿ ಗ್ಯಾರೇಜಿನ ಮೇಜಿನ ಮೇಲೆ ಬಿಟ್ಟು ಬಂದೆವು. ಬೆಳಿಗ್ಗೆ ನಮಗೆ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇತ್ತು. ನಾವು ಬರುವಷ್ಟರಲ್ಲಿ ಮಾಸ್ತರರು ಅದನ್ನು ಎಂಜಿನ್ನಿಗೆ ಇಳಿಸುವುದು ಅಂತ ಆಗಿತ್ತು.

ಬೆಳಿಗ್ಗೆ ಖಂಡೇ ಪೂಜೆ. ನಮ್ಮ ಕಡೆ ಅವತ್ತು ಮನೆಯ ಆಯುಧವೆಲ್ಲ ತೊಳೆದು ಪೂಜೆಗಿಡಬೇಕು, ಈಳಿಗೆಮಣೆಯಿಂದ ಹಿಡಿದು ಗಾಡಿಯವರೆಗೆ. ಹೊಲಸು ಆಯುಧಕ್ಕೆ ಪೂಜೆ ಮಾಡುವುದಿಲ್ಲ. ಮಗನ ಕೈ ಸುಧಾರಿಸಬೇಕಾದರೆ ಮಗನ ಆಯುಧಕ್ಕೆ ಪೂಜೆಯಾಗಬೇಕು ಅಂತ ಅತ್ತೆಗೆ ಅನ್ನಿಸಿತು. ನಾವು ಆ ಕಡೆ ಹೋಗುತ್ತಲೇ ಅವರು ಸ್ನಾನ ಮಾಡಿ, ಒಂದು ಬಕೆಟ್ ಬಿಸಿನೀರು, ಪಾತ್ರೆ ತಿಕ್ಕುವ ಸೋಪು ಹಿಡಿದು ಗ್ಯಾರೇಜಿಗೆ ಹೋದರು. ಸ್ಪ್ಯಾನರುಗಳನ್ನು ತೊಳೆದರು. ಸುತ್ತಿಗೆ ತೊಳೆದರು. ನಡುವೆ ಈ ಕಪ್ಪು ಮೆತ್ತಿಕೊಂಡ ಕೋಲು ಕಂಡಿತು. ಅದನ್ನೂ ಉಬ್ಬು ಉಬ್ಬು ಬಿಡದಂತೆ ತಿಕ್ಕಿ ಬೆಳಗಿದರು. ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಪ್ರತಿ ಉಬ್ಬಿಗೂ ವಿಭೂತಿ ಹಚ್ಚಿ ಕುಂಕುಮ ಇಟ್ಟರು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಮಾಸ್ತರರು ಬಂದು ನೋಡಿದ್ದಾರೆ. ಎಣ್ಣೆ ಹಚ್ಚಿದ ಕೋಲು, ಮೈತುಂಬಾ ಬೂದಿ, ಕೆಂಪು ಬೊಟ್ಟು. ಪಕ್ಕದಲ್ಲಿ ಅತ್ತೆ ಕೈಮುಗಿದು ನಿಂತಿದ್ದಾರೆ. ಇದು ಇವರ ಧರ್ಮದ ವಿಷಯ, ಡಾಕ್ಟರಿಗೆ ಗೊತ್ತಿದ್ದೇ ಮಾಡಿಸಿರುತ್ತಾರೆ, ಒರೆಸಿದರೆ ಅವಮಾನವಾದೀತು ಅಂದುಕೊಂಡರು. ಮರ್ಯಾದೆಯಿಂದ, ಒಂದು ಬೊಟ್ಟೂ ಅಳಿಸದಂತೆ, ಹಾಗೇ ಎಂಜಿನ್ನಿನೊಳಗೆ ಇಳಿಸಿದರು.

ಉಳಿದದ್ದನ್ನೆಲ್ಲ ಜೋಡಿಸಿದ ಮೇಲೆ ಒಂದು ಶನಿವಾರ ಮಧ್ಯಾಹ್ನ ಕಾರು ಚಾಲೂ ಮಾಡಿದೆವು. ಇವರನ್ನು ಹಿಡಿದು ತಂದು ಚಾಲಕನ ಸೀಟಿನಲ್ಲಿ ಕೂರಿಸಿದೆ. ಕೈ ತೊಡೆಯ ಮೇಲೆ, ಕಾಲು ಮಾತ್ರ ಇನ್ನೂ ಅವರದೇ. ಹೊಸ ಕ್ಯಾಮ್ ಹಾಕಿದಾಗ ಎಂಜಿನ್ನನ್ನು ಮೆಲ್ಲಗೆ ತಿರುಗಲು ಬಿಡಬಾರದು. ಚಾಲೂ ಆದ ಕೂಡಲೇ ವೇಗ ಏರಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿಯಬೇಕು. ಗುಡುಗು ಕೇಳುವುದು ಆಮೇಲೆ, ಇಳಿಸಿದಾಗ. ಮಾಸ್ತರರು ಕೀಲಿ ತಿರುಗಿಸಿದರು. ಯಪ್ಪಾ! ಗ್ಯಾರೇಜಿನ ತಗಡು ಅದುರಿತು. ಪ್ರತಿ ವಾರ ಪಾರ್ಟಿ ಮಾಡಿ ನಮ್ಮ ನಿದ್ದೆ ಕೆಡಿಸುವ ಎದುರು ಸಾಲಿನ ವಿದ್ಯಾರ್ಥಿಗಳು ಕಣ್ಣುಜ್ಜಿಕೊಂಡು ಓಣಿಗೆ ಬಂದರು. ನನಗಾದ ಆನಂದ ಅಷ್ಟಿಷ್ಟಲ್ಲ. ಅತ್ತೆ ಕಿವಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಇವರು ಕಾಲು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಾಯಿ ತುಂಬಾ ನಗುತ್ತಿದ್ದರು. ಮದುವೆಯಾದಾಗಿನಿಂದ ನಾನು ಅವರನ್ನು ಹಾಗೆ ನೋಡಿರಲಿಲ್ಲ.

ಆಮೇಲೆ ಟಿಕ್ ಟಿಕ್ ಅಂತ ಒಂದು ಸಪ್ಪಳ ಶುರುವಾಯಿತು. ಇವರ ನಗು ನಿಂತಿತು. ಟಿಕ್ ಟಿಕ್ ದೊಡ್ಡದಾಯಿತು, ಎಂಜಿನ್ ಎಡವಿತು, ಕೆಮ್ಮಿತು. ಮಾಸ್ತರರು ಓಡಿ ಬಂದು ಬಂದ್ ಮಾಡಿದರು.

ಅದನ್ನು ಬಿಚ್ಚಿ ನೋಡಲು ಕೆಲವು ದಿನ ಹಿಡಿಯಿತು. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಕ್ಯಾಮ್ ಹೊರಗೆ ತೆಗೆದರೆ ಮೊಟ್ಟೆಯಾಕಾರದ ಉಬ್ಬುಗಳಲ್ಲಿ ಕೆಲವು ಸವೆದು ಗುಂಡಗಾಗಿದ್ದವು. ಮಾಸ್ತರರು ಸವೆದ ಉಬ್ಬಿನ ಮೇಲೆ ಬೆರಳಾಡಿಸಿ ಕೇಳಿದರು: "ಆ ಬೂದಿ ಮತ್ತು ಕೆಂಪು ಪುಡಿ... ಅದರ ಕೆಳಗೆ ಅಂಟು ಇತ್ತಲ್ಲವೇ?"

"ಯಾವ ಬೂದಿ?" ಅಂದೆ ನಾನು.

ಅವರು ಹೇಳಿದರು. ಹೇಳುತ್ತಾ ಹೇಳುತ್ತಾ ಮಾಸ್ತರರ ಮುಖ ಬಿಳಿಚಿತು, ನನ್ನದಂತೂ ಕೇಳಬೇಡಿ. ಇದೊಂದು ನಾನ ಮಾಡಿದೆ ಅಂದಿದ್ದರಲ್ಲ, ಅದನ್ನು ಅತ್ತೆ ತೊಳೆದು ಚರಂಡಿಗೆ ಚೆಲ್ಲಿದ್ದರು! ಅಡಿಗೆಮನೆಗೆ ಹೋಗಿ ಮುದುಕಿಗೆ ಎರಡು ಮಾತು ಕೇಳಿಯೇ ಬಿಡುತ್ತೇನೆ ಅಂತ ತಿರುಗಿದೆ. ನನ್ನ ತೋಳು ಹಿಡಿಯಲು ಇವರಿಗೆ ಕೈ ಬರಲಿಲ್ಲ. ಆಗಷ್ಟೇ ಬಂದಿದ್ದ ಗಾಲಿ ಕುರ್ಚಿಯಿಂದ ಒಂದು ಕಾಲು ಚಾಚಿ ನನ್ನ ದಾರಿಗೆ ಅಡ್ಡ ಇಟ್ಟರು.

"ಅವ್ವಗ ಹೇಳಬ್ಯಾಡ."

"ಹೇಳಬ್ಯಾಡಂದ್ರ? ಹಾಳ ಮಾಡಿ ಕುಂತಾರ! ಇನ್ನ ನಿಮಗ ಟೈಮ್..." ಅಂದವಳು ನಾಲಿಗೆ ಕಚ್ಚಿಕೊಂಡೆ.

"ಆಕಿ ನನ್ನ ಕೈ ಛಲೋ ಆಗ್ಲಿ ಅಂತ ಹಚ್ಯಾಳ," ಅಂದರು. ಆಗಲೇ ಮಾತು ತೊದಲಲು ಶುರುವಾಗಿತ್ತು. "ಆಕಿಗೆ ಇದು ಗೊತ್ತಾದ್ರ, ನನ್ನ ಕೈನೂ ತನ್ನಿಂದ ಹೋತು ಅಂತ ತಿಳಕೊಂತಾಳ. ಕಾರ್ಖಾನಿಯವರ ತಪ್ಪು ಅಂತ ಹೇಳೂಣು."

ಹಾಗೇ ಹೇಳಿದೆವು. ಅತ್ತೆ ಕಾರ್ಖಾನೆಯವರಿಗೆ ಹಿಡಿಶಾಪ ಹಾಕಿದರು. "ಅವರ ಕೈ ಸೇದಿ ಹೋಗ್ಲಿ," ಅಂದರು. ಇವರು ತಲೆ ತಗ್ಗಿಸಿಕೊಂಡು ಅಂಬಲಿ ಕುಡಿಸಿಕೊಂಡರು. ನಾನು ಚಮಚ ಹಿಡಿದಿದ್ದೆ.

ಪುಡಿ ಎಂಜಿನ್ ತುಂಬಾ ಹರಡಿದ್ದರಿಂದ ಎಲ್ಲ ಬಿಚ್ಚಿ ತೊಳೆಯಬೇಕಾಯಿತು. ಮಾಸ್ತರರು ತಮ್ಮ ತಪ್ಪೆಂದೇ ತಿಳಿದು, ಬೇಡವೆಂದರೂ ಕೇಳದೆ, ದಿನಾ ಬಂದು ಒಬ್ಬರೇ ಕೆಲಸ ಮಾಡಿದರು. ಆದರೆ ರೋಗ ಅವರಿಗಿಂತ ಬೇಗ ಕೆಲಸ ಮಾಡಿತು. ಕಾಲು ಹೋಯಿತು. ಮಾತು ಹೋಯಿತು. ಉಸಿರಾಟದ ಮುಖವಾಡ ಬಂತು. ಯುಗಾದಿಗೆ ಮೊದಲು ನನ್ನ ಗಂಡ ಹೋದರು. ಗುಡುಗು ಕೇಳಲಿಲ್ಲ. ಅಷ್ಟು ವರ್ಷ ಕಾದ ಮನುಷ್ಯ, ಕೇಳದೇ ಹೋದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡಬೇಕು, ಇಲ್ಲಿ ಮಲಗಿಸಿಯೇ ಮಾಡಬೇಕಾಯಿತು. ಅತ್ತೆಗೆ ಆ ಕೊರಗು. ನನಗೆ ಗುಡುಗಿನ ಕೊರಗು.

ಬೇಸಿಗೆಯಲ್ಲಿ ಒಂದು ದಿನ ಅತ್ತೆಯೇ ಕೇಳಿದರು. "ಯವ್ವಾ, ಆ ಗಾಡಿ ಹಂಗ ಬಿಟ್ಟರ ಹೆಂಗ? ಚಾಲೂ ಮಾಡಸು. ಅವನ ಜೀವ ಅದರಾಗ ಇತ್ತು."

ಮಾಸ್ತರರಿಗೆ ಹೇಳಿದೆ: ಅವರು ಆರಿಸಿದ್ದನ್ನೇ ಇನ್ನೊಂದು ತರಿಸಿ. ಕೋಲು ಬಂತು. ಈ ಸಲ ಅಂಟು ಬಳಿಯುವವಳು ನಾನೇ. ಬಳಿಯುವ ಮೊದಲು ಅತ್ತೆ ವಿಭೂತಿಯ ಬಟ್ಟಲು ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತರು.

"ತೊಳೀಬೇಕೇನು?"

"ಬ್ಯಾಡ್ರಿ ಅತ್ತಿ. ತೊಳದ ಕಳಸ್ಯಾರ. ಡಬ್ಬಿಗೆ ಪೂಜಿ ಮಾಡ್ರಿ, ಸಾಕು."

"ಹೋದ ಸಲದ್ದು ಎಷ್ಟು ಹೊಲಸಿತ್ತಂತಿ! ಕಪ್ಪಂದ್ರ ಕಪ್ಪ. ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದು ಹೋಗಿದ್ದು," ಅಂದರು, ಖಾಲಿ ರಟ್ಟಿನ ಡಬ್ಬಿಗೆ ಮೂರು ಬೆರಳು ಎಳೆಯುತ್ತಾ. "ಅಷ್ಟು ಮಾಡಿದ್ರೂ ಕಾರ್ಖಾನಿಯವರು ಹಂಗ ಮಾಡಿದ್ರಲ್ಲ."

ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಡಬ್ಬಿಯ ಇನ್ನೊಂದು ಮಗ್ಗುಲಿಗೂ ವಿಭೂತಿ ಎಳೆದರು. "ಹೌದ್ರಿ ಅತ್ತಿ," ಅಂದೆ, "ಅವರದ ತಪ್ಪು."

ಎಂಜಿನ್ ಚಾಲೂ ಆಯಿತು. ನಾನೇ ಕಾಲು ಒತ್ತಿ ವೇಗ ಹಿಡಿದೆ. ಟಿಕ್ ಟಿಕ್ ಬರಲಿಲ್ಲ. ಸಾಕು ಅಂತ ಮಾಸ್ತರರು ಕೈ ತೋರಿಸಿದರು. ಈಗ ಬರುತ್ತದೆ ನೋಡು ಅಂದುಕೊಂಡು, ಎದೆ ಗಟ್ಟಿ ಮಾಡಿಕೊಂಡು, ಕಾಲು ಎತ್ತಿದೆ.

ಏನೂ ಬರಲಿಲ್ಲ. ಎಂಜಿನ್ ಮೆಲ್ಲಗೆ ಇಳಿದು, ಹೊಲಿಗೆ ಯಂತ್ರದ ಹಾಗೆ ಸಮನಾಗಿ ತಿರುಗುತ್ತಾ ನಿಂತಿತು. ನಾನು ಕಾರಿನಿಂದ ಹಾರಿದೆ.

"ತಪ್ಪು ಕ್ಯಾಮ್ ಕಳಿಸಿದ್ದಾರೆ! ಅವರಿಗೆ ಬೇಕಾದದ್ದು ಇದಲ್ಲ! ಗುಡುಗುವುದು ಬೇಕಾಗಿತ್ತು!" ಇಂಗ್ಲಿಷಿನಲ್ಲಿ ಇಷ್ಟು ಜೋರಾಗಿ ನಾನು ಯಾರ ಮೇಲೂ ಕೂಗಿಲ್ಲ.

ಮಾಸ್ತರರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಇದೇ ಅದು. ಹೋದ ಸಲ ಹಾಕಿದ್ದೂ ಇದೇ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ."

"ಇದನ್ನು ಅವರು ಯಾಕೆ ಆರಿಸುತ್ತಾರೆ?"

"ಅವತ್ತು ಫೋನು ಅವರ ಕಿವಿಗೆ ಹಿಡಿದವನು ನಾನು," ಅಂದರು. "ಅಂಗಡಿಯವನು ಕಾರಿನ ತೂಕ ಕೇಳಿದ, ಗೇರು ಕೇಳಿದ, ಎಲ್ಲ ಹೇಳಿದರು. ಗುಡುಗುವುದನ್ನೇ ಹೇಳುವುದರಲ್ಲಿದ್ದರು. ಕೊನೆಗೆ ಅವನು, ಕಾರು ಓಡಿಸುವವರು ಯಾರು ಅಂತ ಕೇಳಿದ. ಲೈನು ಕಟ್ಟಾಯಿತೇನೋ ಅಂತ ನಾನೇ ನೋಡಿದೆ. ಆಮೇಲೆ ನಿಮ್ಮ ಯಜಮಾನರು, ನನ್ನ ಹೆಂಡತಿ, ಅಂದರು. ಹಾಗಾದರೆ ಸಣ್ಣದನ್ನೇ ಕೊಡಿ, ಬ್ರೇಕು ಹಗುರ ಇರಬೇಕು, ಚಳಿಯಲ್ಲೂ ಒಂದೇ ಸಲಕ್ಕೆ ಚಾಲೂ ಆಗಬೇಕು, ಅವಳಿಗೆ ತಾಳ್ಮೆ ಕಡಿಮೆ ಅಂದರು."

ನಾನು ಅಲ್ಲೇ ಬಾನೆಟ್ಟಿಗೆ ಒರಗಿ ನಿಂತು ಅತ್ತುಬಿಟ್ಟೆ. ಅವರು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಯಾರು ಕೇಳಿದ್ದರು ಇದನ್ನು? ಗುಡುಗುವುದು ತರಸ್ರಿ ಅಂತ ಬಾಯಿಬಿಟ್ಟು ಹೇಳಿದ್ದೆನಲ್ಲ. ಆತು, ಆತು ಅಂದು ನಕ್ಕವರಿಗೆ ನನ್ನ ಕೈಕಾಲಿನ ಚಿಂತೆ. ಅವತ್ತು ಕಣ್ಣು ಮುಚ್ಚಿ ಸೀಟಿನಲ್ಲಿ ಕೂತು ನಗುತ್ತಿದ್ದಾಗಲೂ, ಕಾಲು ಎತ್ತಿದರೆ ಗುಡುಗು ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಅತ್ತೆ ಒಳಗೆ ಹೋಗಿ, ಚಪ್ಪಲಿ ಬದಲಿಸಿ, ಕಾರ್ಡಿಗನ್ನಿನ ಗುಂಡಿ ಹಾಕಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು. "ನಡಿ, ಅವನ ಕಡೆ ಹೋಗಿ ಬರೂಣು."

ಹೋದೆವು. ಬ್ರೇಕು ಹಗುರವಾಗಿತ್ತು. ರಿಂಗ್ ರೋಡಿನ ಸಿಗ್ನಲ್ಲುಗಳಲ್ಲಿ ಅಷ್ಟು ದೊಡ್ಡ ಕಾರು ಮಾತು ಕೇಳುವ ಹಸುವಿನ ಹಾಗೆ ನಿಂತಿತು, ಹೊರಟಿತು. ನನಗೆ ಒಂದು ಸಲವೂ ಸಿಟ್ಟು ಬರಲಿಲ್ಲ. ರುದ್ರಭೂಮಿಯ ಗೇಟಿನ ಹತ್ತಿರ ನಿಲ್ಲಿಸಿ ಕೀಲಿಗೆ ಕೈ ಹಾಕಿದೆ. ಅಲ್ಲಿಂದ ಅವರ ಕಲ್ಲು ಕಾಣುತ್ತದೆ, ಎರಡನೇ ಸಾಲಿನಲ್ಲಿ. ಅತ್ತೆ ನನ್ನ ಕೈ ಹಿಡಿದರು.

"ಬಂದ್ ಮಾಡಬ್ಯಾಡ ಯವ್ವಾ," ಅಂದರು. "ಚಾಲೂ ಇರ್ಲಿ. ಅವ ಕೇಳ್ಲಿ."

ನಾನು ಕೀಲಿ ಬಿಟ್ಟೆ. ಕಿಟಕಿಯ ಗಾಜು ಇಳಿಸಿದೆ. ಗೇಟಿನ ಆಚೆ ಯಾರೋ ಹುಲ್ಲು ಗುಡಿಸುವ ಸಪ್ಪಳ ಬರುತ್ತಿತ್ತು. ನಮ್ಮ ಎಂಜಿನ್ನಿನ ಸಪ್ಪಳ ಅಷ್ಟು ದೂರ ಹೋಗುವಂಥದ್ದಾಗಿರಲಿಲ್ಲ.